ಚದುರಿದ ಕಡತಗಳು, ಎಐ ಮತ್ತು ಮಕ್ಕಳ ಕ್ಯಾನ್ಸರ್

2025ರ ಸೆಪ್ಟೆಂಬರ್ 30ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಕಾರ್ಯಾದೇಶಕ್ಕೆ ಸಹಿ ಹಾಕಿದರು. ಮಕ್ಕಳ ಕ್ಯಾನ್ಸರ್‌ಗೆ ಮದ್ದು ಹುಡುಕುವ ಕೆಲಸದಲ್ಲಿ ಕೃತಕ ಬುದ್ಧಿಮತ್ತೆಯನ್ನು, ಅಂದರೆ ಎಐಯನ್ನು, ಹೆಚ್ಚು ಹೆಚ್ಚು ಬಳಸಬೇಕು ಎಂಬುದು ಅದರ ತಿರುಳು. ಜೊತೆಯಲ್ಲೇ ಅಲ್ಲಿನ ಆರೋಗ್ಯ ಇಲಾಖೆ, ಮಕ್ಕಳ ಕ್ಯಾನ್ಸರ್ ದತ್ತಾಂಶ ಯೋಜನೆಗೆ ವರ್ಷಕ್ಕೆ ಕೊಡುತ್ತಿದ್ದ 5 ಕೋಟಿ ಡಾಲರನ್ನು 10 ಕೋಟಿಗೆ ಏರಿಸುವುದಾಗಿ ಪ್ರಕಟಿಸಿತು. ಸುದ್ದಿಯಲ್ಲಿ ಎದ್ದು ಕಂಡದ್ದು ಎಐ. ಆದರೆ ಈ ಆದೇಶದ ಹಿಂದೆ ಎಪ್ಪತ್ತು ವರ್ಷಕ್ಕೂ ಹಳೆಯದಾದ ಒಂದು ತೊಡಕಿದೆ. ಅದನ್ನು ತಿಳಿಯದೆ ಆದೇಶದ ತೂಕವನ್ನು ಅಳೆಯಲಾಗದು.

ತೊಡಕು ಸಂಖ್ಯೆಯದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 15 ಸಾವಿರ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಪತ್ತೆಯಾಗುತ್ತದೆ. ವಯಸ್ಕರ ಲೆಕ್ಕದ ಮುಂದೆ ಇದು ತೀರಾ ಚಿಕ್ಕದು. ಅದರಲ್ಲೂ ಲ್ಯುಕೇಮಿಯಾ, ಮಿದುಳಿನ ಗಡ್ಡೆ, ನ್ಯೂರೋಬ್ಲಾಸ್ಟೋಮಾ, ವಿಲ್ಮ್ಸ್ ಗಡ್ಡೆ ಎಂದು ಹತ್ತಾರು ಬಗೆ. ಒಂದೊಂದರಲ್ಲೂ ಮತ್ತೆ ಒಳಬಗೆಗಳು. ಎಷ್ಟು ದೊಡ್ಡ ಆಸ್ಪತ್ರೆಯಾದರೂ ಕೆಲವು ಬಗೆಯ ಗಡ್ಡೆಗಳನ್ನು ವರ್ಷಕ್ಕೆ ಒಂದೋ ಎರಡೋ ನೋಡಿದರೆ ಹೆಚ್ಚು. ಯಾವ ಔಷಧ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಹೇಳಲು ಒಂದು ಆಸ್ಪತ್ರೆಯ ಕಡತಗಳು ಸಾಲುವುದಿಲ್ಲ.

ಹಾಗಿದ್ದರೂ ಔಷಧ ಚಿಕಿತ್ಸೆಯ ಆರಂಭ ಆದದ್ದು ಒಂದೇ ಆಸ್ಪತ್ರೆಯಲ್ಲಿ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ 1947ರ ಕೊನೆಗೆ ಲ್ಯುಕೇಮಿಯಾ ಮಕ್ಕಳಿಗೆ ಅಮೈನಾಪ್ಟೆರಿನ್ ಎಂಬ ಔಷಧ ಕೊಟ್ಟು ನೋಡಿದರು. 1948ರಲ್ಲಿ ಪ್ರಕಟವಾದ ವರದಿಯ ಪ್ರಕಾರ 16 ಮಕ್ಕಳಲ್ಲಿ 10 ಮಂದಿ ಕೆಲಕಾಲ ಚೇತರಿಸಿಕೊಂಡರು. ಔಷಧ ಬಂದದ್ದು ಲೆಡರ್ಲೆ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಂದಾಳು ಭೀಮಾವರದಲ್ಲಿ ಹುಟ್ಟಿದ ಯಲ್ಲಪ್ರಗಡ ಸುಬ್ಬರಾವ್. ಚೇತರಿಕೆ ಉಳಿಯಲಿಲ್ಲ, ಕಾಯಿಲೆ ಮರಳಿತು. ಮುಂದಿನ ಹೆಜ್ಜೆಗೆ ಹೆಚ್ಚು ಮಕ್ಕಳ ಅನುಭವ ಬೇಕಿತ್ತು.

ಸರ್ಕಾರ ಒಳಗೆ ಬಂದದ್ದು ಇಲ್ಲಿ. 1955ರ ಹೊತ್ತಿಗೆ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಣದಲ್ಲಿ ಆಸ್ಪತ್ರೆಗಳು ಗುಂಪುಕಟ್ಟಿ, ಒಂದೇ ಚಿಕಿತ್ಸಾ ಕ್ರಮವನ್ನು ಹಲವು ಊರುಗಳಲ್ಲಿ ಪಾಲಿಸಿ, ಫಲಿತಾಂಶವನ್ನು ಒಟ್ಟುಗೂಡಿಸತೊಡಗಿದವು. 1971ರ ರಾಷ್ಟ್ರೀಯ ಕ್ಯಾನ್ಸರ್ ಕಾಯ್ದೆ ಆ ಸಂಸ್ಥೆಯ ಕೈ ಬಲಪಡಿಸಿತು. 1973ರಲ್ಲಿ ಕ್ಯಾನ್ಸರ್ ನೋಂದಣಿ ಜಾಲ ಶುರುವಾಯಿತು. 2000ದಲ್ಲಿ ಮಕ್ಕಳ ಕ್ಯಾನ್ಸರಿನ ನಾಲ್ಕು ಸಂಶೋಧನಾ ಗುಂಪುಗಳು ಸೇರಿ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ ಆದವು. ಇಂದು 200ಕ್ಕೂ ಹೆಚ್ಚು ಆಸ್ಪತ್ರೆಗಳು ಅದರಲ್ಲಿವೆ. ಕಾಯಿಲೆ ಪತ್ತೆಯಾಗಿ ಐದು ವರ್ಷದ ನಂತರವೂ ಬದುಕಿರುವ ಮಕ್ಕಳ ಪ್ರಮಾಣ 1970ರ ದಶಕದ ನಡುವೆ ಶೇ 58ರಷ್ಟಿದ್ದದ್ದು ಈಗ ಶೇ 85ರ ಆಸುಪಾಸಿನಲ್ಲಿದೆ. ಹೊಸ ಔಷಧಗಳ ಪಾಲು ಇದರಲ್ಲಿ ಇದ್ದೇ ಇದೆ, ಆದರೆ ಹಳೆಯ ಔಷಧಗಳನ್ನೇ ಯಾವ ಪ್ರಮಾಣದಲ್ಲಿ, ಯಾವ ಕ್ರಮದಲ್ಲಿ ಕೊಡಬೇಕೆಂದು ಈ ಜಂಟಿ ಟ್ರಯಲ್‌ಗಳು ಕಲಿಸಿದ ಪಾಠದ ಪಾಲು ಅದಕ್ಕಿಂತ ಕಡಿಮೆಯೇನಲ್ಲ.

ಆಮೇಲೆ ಬಂದವು ಸಾಲು ಕಾಯ್ದೆಗಳು. ಮಕ್ಕಳಿಗಾಗಿ ಔಷಧ ತಯಾರಿಸುವುದು ಕಂಪನಿಗಳಿಗೆ ಲಾಭದ ಬಾಬತ್ತಲ್ಲ. 2012ರ ಕಾಯ್ದೆ ಅಂಥ ಕಂಪನಿಗಳಿಗೆ ಬೇರೊಂದು ಔಷಧದ ಅನುಮತಿಯನ್ನು ಬೇಗ ಪಡೆಯುವ ವೋಚರ್ ಕೊಟ್ಟಿತು. ಆ ವೋಚರನ್ನು ಮಾರಲೂಬಹುದಿತ್ತು. 2017ರ ರೇಸ್ ಕಾಯ್ದೆ ಇನ್ನಷ್ಟು ಬಿಗಿಯಾಗಿ ನಿಂತಿತು: ದೊಡ್ಡವರ ಕ್ಯಾನ್ಸರ್ ಔಷಧವು ಮಕ್ಕಳ ಗಡ್ಡೆಯಲ್ಲೂ ಇರುವ ಅಣುಗುರಿಯ ಮೇಲೆ ಕೆಲಸ ಮಾಡುವಂತಿದ್ದರೆ, ಮಕ್ಕಳಲ್ಲೂ ಅದನ್ನು ಪರೀಕ್ಷಿಸಲೇಬೇಕು. 2014ರ ಗೇಬ್ರಿಯೆಲಾ ಮಿಲ್ಲರ್ ಕಾಯ್ದೆ ವರ್ಷಕ್ಕೆ 1.26 ಕೋಟಿ ಡಾಲರ್ ಎತ್ತಿಟ್ಟು ಮಕ್ಕಳ ಜೀನೋಮ್ ಮಾಹಿತಿ ಕಲೆಹಾಕಲು ದಾರಿ ಮಾಡಿತು. 2018ರ ಸ್ಟಾರ್ ಕಾಯ್ದೆ ಬದುಕುಳಿದವರ ಮುಂದಿನ ಬಾಳಿನ ಕಡೆಗೂ ಕಣ್ಣು ಹಾಯಿಸಿತು.

2019ರ ಫೆಬ್ರವರಿಯಲ್ಲಿ ಟ್ರಂಪ್ ತಮ್ಮ ವಾರ್ಷಿಕ ಭಾಷಣದಲ್ಲಿ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹತ್ತು ವರ್ಷಕ್ಕೆ 50 ಕೋಟಿ ಡಾಲರ್ ಕೇಳಿದರು. ಅದರಿಂದ ಹುಟ್ಟಿದ್ದೇ ಮೇಲೆ ಹೇಳಿದ ದತ್ತಾಂಶ ಯೋಜನೆ; ಬಲ್ಲವರ ಬಾಯಲ್ಲಿ ಸಿಸಿಡಿಐ. ಅದರ ನಿಜವಾದ ಕೆಲಸ ಸದ್ದಿಲ್ಲದ್ದು. ಒಂದು ಆಸ್ಪತ್ರೆ ಮಗುವಿನ ವಯಸ್ಸನ್ನು ತಿಂಗಳಲ್ಲಿ ಬರೆದರೆ ಇನ್ನೊಂದು ವರ್ಷದಲ್ಲಿ ಬರೆಯುತ್ತದೆ. ಒಬ್ಬ ವೈದ್ಯರು ಗಡ್ಡೆಯ ಹಳೆಯ ಹೆಸರು ಹಾಕಿದರೆ ಇನ್ನೊಬ್ಬರು ಹೊಸದನ್ನು. ಎಂಆರ್‌ಐ ಚಿತ್ರ ಒಂದು ಕಂಪ್ಯೂಟರಿನಲ್ಲಿ, ಜೀನ್ ಪರೀಕ್ಷೆಯ ವರದಿ ಮತ್ತೊಂದರಲ್ಲಿ. ಇವನ್ನೆಲ್ಲ ಒಂದೇ ಮಗುವಿನವು ಎಂದು ಗುರುತಿಸಿ, ಆ ಮಗುವಿನ ಗುರುತನ್ನು ಮಾತ್ರ ಮರೆಮಾಚಿ ಜೋಡಿಸಬೇಕು. 2022ರ ಮಾರ್ಚಿನಲ್ಲಿ ಯೋಜನೆ ಇನ್ನೊಂದು ಹೆಜ್ಜೆ ಇಟ್ಟಿತು: ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪಿನ ಆಸ್ಪತ್ರೆಗಳಲ್ಲಿ ಹೊಸದಾಗಿ ಕೆಲವು ಬಗೆಯ ಕ್ಯಾನ್ಸರ್ ಪತ್ತೆಯಾದ ಮಕ್ಕಳ ಗಡ್ಡೆಗೆ ಉಚಿತವಾಗಿ ಅಣುಮಟ್ಟದ ಪರೀಕ್ಷೆ. ವರದಿ ವೈದ್ಯರ ಕೈಗೂ ಹೋಗುತ್ತದೆ, ಸಂಶೋಧಕರ ಭಂಡಾರಕ್ಕೂ ಸೇರುತ್ತದೆ. ನನಗೆ ಕಂಡಂತೆ ಈ ಇಡೀ ಸರಣಿಯಲ್ಲಿ ಅತ್ಯಂತ ಬುದ್ಧಿವಂತ ನಿರ್ಧಾರ ಇದು. ಮಾಹಿತಿ ಕೊಟ್ಟ ಮನೆಗೆ ಅದೇ ತಿಂಗಳಲ್ಲಿ ಏನಾದರೂ ಮರಳಿ ಸಿಗುತ್ತದೆ.

ಎಐ ಇಲ್ಲಿ ಏನು ಮಾಡಬಲ್ಲದು? ಒಳ್ಳೆಯ ಉದಾಹರಣೆಗಳಲ್ಲಿ ಎರಡು ಯುರೋಪಿನವು. ಜರ್ಮನಿಯ ಹೈಡೆಲ್‌ಬರ್ಗ್ ತಂಡ 2018ರಲ್ಲಿ, ಡಿಎನ್‌ಎ ಮೇಲಿನ ಮೀಥೈಲ್ ಗುರುತುಗಳನ್ನು ಓದಿ ಮಿದುಳಿನ ಗಡ್ಡೆ ಯಾವ ಬಗೆಯದೆಂದು ಹೇಳುವ ಸಾಧನವನ್ನು ಪ್ರಕಟಿಸಿತು. ಸುಮಾರು 2,800 ಮಾದರಿಗಳಿಂದ ಅದು ಕಲಿತಿತ್ತು. ಸುಮಾರು 1,100 ಹೊಸ ಪ್ರಕರಣಗಳಲ್ಲಿ ಅದನ್ನು ಬಳಸಿ ನೋಡಿದಾಗ ಶೇ 12ರಷ್ಟು ರೋಗಿಗಳ ರೋಗನಿರ್ಣಯವೇ ಬದಲಾಯಿತು.

ಎರಡನೆಯದು ನೆದರ್ಲೆಂಡ್ಸಿನ ಸ್ಟರ್ಜನ್ ಎಂಬ ಸಾಧನ, 2023ರದು. ಮಗು ಆಪರೇಷನ್ ಟೇಬಲ್ ಮೇಲೆ ಮಲಗಿದೆ, ತಲೆಬುರುಡೆ ತೆರೆದಿದೆ. ಗಡ್ಡೆಯನ್ನು ಎಷ್ಟು ತೆಗೆಯಬೇಕು? ಕೆಲವು ಬಗೆಯಲ್ಲಿ ಕೊನೆಯ ಚೂರನ್ನೂ ತೆಗೆದರೆ ಮಗು ಉಳಿಯುವ ಸಾಧ್ಯತೆ ಹೆಚ್ಚು. ಇನ್ನು ಕೆಲವುಗಳಲ್ಲಿ ಆ ಚೂರಿಗಾಗಿ ಹೋದರೆ ಮಾತೋ ನಡಿಗೆಯೋ ಹೋದೀತು, ಲಾಭ ಮಾತ್ರ ಇಲ್ಲ. ಪೂರ್ಣ ವರದಿ ಬರಲು ದಿನಗಳು ಬೇಕು. ಸ್ಟರ್ಜನ್ ತಂಡ ಗಡ್ಡೆಯ ತುಣುಕಿನ ಡಿಎನ್‌ಎಯನ್ನು ಅಲ್ಲೇ ಓದತೊಡಗಿ, 90 ನಿಮಿಷದೊಳಗೆ ಉತ್ತರ ಕೊಟ್ಟಿತು. ನೇರವಾಗಿ ಪರೀಕ್ಷಿಸಿದ 25 ಶಸ್ತ್ರಚಿಕಿತ್ಸೆಗಳಲ್ಲಿ 18ರಲ್ಲಿ ಉತ್ತರ ಸರಿಯಿತ್ತು. ಉಳಿದ ಏಳರಲ್ಲಿ ಅದು ತಪ್ಪು ಹೇಳಲಿಲ್ಲ. ನನಗೆ ಸಾಕಷ್ಟು ಖಾತ್ರಿಯಿಲ್ಲ ಎಂದು ಸುಮ್ಮನಾಯಿತು. ಆ 18ಕ್ಕಿಂತ ಈ ಏಳನ್ನು ನಾನು ಹೆಚ್ಚು ಮೆಚ್ಚುತ್ತೇನೆ.

ಅಮೆರಿಕದ ಸಾಧನೆಯೂ ಇದೆ. ಬಾಸ್ಟನ್ನಿನ ಸಂಶೋಧಕರು ಸರ್ಕಾರದ ನೆರವಿನಿಂದ 715 ಮಕ್ಕಳ ಸುಮಾರು 4,000 ಎಂಆರ್‌ಐ ಚಿತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಎಐಗೆ ಕಲಿಸಿದರು. ಗ್ಲಿಯೋಮಾ ಎಂಬ ಮಿದುಳಿನ ಗಡ್ಡೆ ಚಿಕಿತ್ಸೆಯ ಬಳಿಕ ಒಂದು ವರ್ಷದೊಳಗೆ ಮರುಕಳಿಸುತ್ತದೆಯೇ ಎಂಬ ಪ್ರಶ್ನೆಗೆ ಅದು ಶೇ 75ರಿಂದ 89ರಷ್ಟು ನಿಖರವಾಗಿ ಉತ್ತರಿಸಿತು ಎಂದು 2025ರಲ್ಲಿ ವರದಿಯಾಯಿತು. ಒಂದೇ ಚಿತ್ರ ನೋಡಿ ಹೇಳಿದರೆ ನಾಣ್ಯ ಚಿಮ್ಮಿದಷ್ಟೇ ನಿಖರತೆ. ವರ್ಷಗಟ್ಟಲೆ ಸ್ಕ್ಯಾನಿನ ದಿನ ಎದೆ ಹಿಡಿದು ಕೂರುವ ತಂದೆತಾಯಿಗೆ ಇದು ಚಿಕ್ಕ ಮಾತಲ್ಲ. ಆದರೂ ಇದು ಟ್ರಯಲ್‌ನಲ್ಲಿ ಇನ್ನೂ ಸಾಬೀತಾಗಬೇಕಾದ ಸಾಧನ.

ಈಗ ಮತ್ತೆ ಆ ಕಾರ್ಯಾದೇಶಕ್ಕೆ. ಇರುವ ಅನುದಾನಗಳನ್ನು ಹೆಚ್ಚಿಸಿ, ಹೊಸ ಅನುದಾನ ಕೊಡಿ, ಟ್ರಯಲ್‌ಗಳಿಗೆ ಮಕ್ಕಳನ್ನು ಹೊಂದಿಸಲು ಎಐ ಬಳಸಿ, ಖಾಸಗಿ ಕಂಪನಿಗಳನ್ನು ಕರೆತನ್ನಿ, ಮಾಹಿತಿಯ ಮೇಲಿನ ಹಿಡಿತ ಹೆತ್ತವರಲ್ಲೇ ಇರಲಿ ಎನ್ನುತ್ತದೆ ಅದು. ಒಳ್ಳೆಯದೇ. ಆದರೆ ಕಾರ್ಯಾದೇಶಕ್ಕೆ ಖಜಾನೆಯ ಕೀಲಿ ಇಲ್ಲ. ಹಣ ಮಂಜೂರು ಮಾಡಬೇಕಾದ್ದು ಅಲ್ಲಿನ ಸಂಸತ್ತು. ಇದೇ ಸರ್ಕಾರ 2026ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಹಣವನ್ನು ಸುಮಾರು ಶೇ 40ರಷ್ಟು ಕತ್ತರಿಸಲು ಕೇಳಿತ್ತು. ಸೆನೆಟ್ ಸಮಿತಿ ಅದನ್ನು ಒಪ್ಪಲಿಲ್ಲ. 1999ರಿಂದ ಮಕ್ಕಳ ಮಿದುಳಿನ ಗಡ್ಡೆಗಳ ಮೇಲೆ ಹೊಸ ಔಷಧಗಳ ಮೊದಲ ಹಂತದ ಪರೀಕ್ಷೆ ನಡೆಸುತ್ತಿದ್ದ ಆಸ್ಪತ್ರೆಗಳ ಒಕ್ಕೂಟಕ್ಕೆ 2026ರ ಮಾರ್ಚ್ ಬಳಿಕ ಹಣವಿಲ್ಲ, ಆ ಕೆಲಸ ಬೇರೊಂದು ಜಾಲಕ್ಕೆ ಹೋಗಲಿ ಎಂದು ಕ್ಯಾನ್ಸರ್ ಸಂಸ್ಥೆ ತಿಳಿಸಿದ್ದು ಆದೇಶಕ್ಕೆ ಒಂದೂವರೆ ತಿಂಗಳ ಆಸುಪಾಸು ಮೊದಲು. 2012ರ ವೋಚರ್ ವ್ಯವಸ್ಥೆಯ ಅವಧಿಯೂ 2024ರ ಕೊನೆಗೆ ಮುಗಿಯಲು ಸಂಸತ್ತು ಬಿಟ್ಟಿತ್ತು. ಎಐ ಕಲಿಯುವುದು ಇಂಥ ಟ್ರಯಲ್‌ಗಳು ಬರೆದಿಟ್ಟ ದಾಖಲೆಗಳಿಂದ. ದಾಖಲೆ ಹುಟ್ಟುವ ಜಾಗಕ್ಕೆ ಕೈ ಬಿಗಿಹಿಡಿದು, ಅದನ್ನು ಓದುವ ಯಂತ್ರಕ್ಕೆ ಕೈ ಬಿಚ್ಚುವುದು ನನಗಂತೂ ಅರ್ಥವಾಗದ ಲೆಕ್ಕ.

ನಮ್ಮ ಕಡೆಯ ಮಾತು ಚಿಕ್ಕದಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಕೆಳ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ. ಭಾರತದಲ್ಲೂ ಇಂಡಿಯಾಎಐ ಮಿಷನ್ ಮತ್ತು ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಸೇರಿ 2025ರಲ್ಲಿ ಕ್ಯಾನ್ಸರ್ ಎಐ ಯೋಜನೆಗಳಿಗೆ ತಲಾ 50 ಲಕ್ಷ ರೂಪಾಯಿವರೆಗಿನ ಅನುದಾನ ಪ್ರಕಟಿಸಿವೆ. 2023ರ ದತ್ತಾಂಶ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆಂಬುದು ಸಾಮಾನ್ಯ ನಿಯಮ. ಚಿಕಿತ್ಸೆಗೂ ಸಂಶೋಧನೆಗೂ ವಿನಾಯಿತಿಗಳಿವೆ. ದೇಶದ ಮೊದಲ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಗಳಲ್ಲಿ ಒಂದು 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಡೆದುಬಂದಿದೆ. ಆದರೆ ಇಂಥ ನೋಂದಣಿಗಳು ದೇಶದ ಜನಸಂಖ್ಯೆಯ ಒಂದು ಭಾಗವನ್ನಷ್ಟೇ ಮುಟ್ಟುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಜ್ವರವೆಂದು ವಾಪಸ್ ಕಳಿಸಿದ ಮಗುವಾಗಲಿ, ಖರ್ಚು ತಾಳಲಾಗದೆ ಎರಡನೇ ತಿಂಗಳಿಗೇ ಚಿಕಿತ್ಸೆ ಬಿಟ್ಟ ಮಗುವಾಗಲಿ ಪೂರ್ಣವಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಕ್ಯಾನ್ಸರನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಕೆಲವು ರಾಜ್ಯಗಳು ಘೋಷಿಸಿವೆ, ಕೇಂದ್ರ ಸರ್ಕಾರ ದೇಶಮಟ್ಟದಲ್ಲಿ ಅದನ್ನು ಮಾಡಿಲ್ಲ. ಎಐಗೆ ಮುಂದಿನ ಅನುದಾನ ಪ್ರಕಟಿಸುವ ಮೊದಲು ಆ ಒಂದು ಅಧಿಸೂಚನೆ ಹೊರಬೀಳಲಿ.