ಮನೆಯ ವೈಫೈನಲ್ಲಿ ಕರೆ ತುಂಡಾಗುವುದೇಕೆ? ಹೊಸ ರೌಟರ್ ಕೊಳ್ಳುವ ಮುನ್ನ ಇದನ್ನು ಓದಿ

“ಆಂಟೆನಾ ಜಾಸ್ತಿ ಇರೋ ರೌಟರ್ ತಗೊಳ್ಳಿ, ಕಾಲ್ ಕಟ್ ಆಗೋದೇ ಇಲ್ಲ.” “ದೊಡ್ಡ ಪ್ಲಾನ್ ಹಾಕಿಸಿದರೆ ಧ್ವನಿ ಕ್ಲಿಯರ್.” “ರಾತ್ರಿ ರೌಟರ್ ಆಫ್ ಮಾಡದಿದ್ದರೆ ಆರೋಗ್ಯಕ್ಕೆ ಅಪಾಯ.” ಇಂಥ ಸಲಹೆಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ.

ಇದು ಬರೀ ಹಣ ಉಳಿಸುವ ಮಾತಲ್ಲ. ಮಲೆನಾಡಿನ ಎಷ್ಟೋ ಮನೆಗಳಿಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಆದರೆ ಫೈಬರ್ ಇಂಟರ್‌ನೆಟ್ ಬಂದಿದೆ. ಅಂಥ ಮನೆಯಲ್ಲಿ ಹಿರಿಯರಿಗೆ ರಾತ್ರಿ ಎದೆನೋವು ಕಾಣಿಸಿಕೊಂಡರೆ ಹೊರಗೆ ಸುದ್ದಿ ಮುಟ್ಟಿಸಲು ಇರುವ ದಾರಿ ಆ ರೌಟರ್ ಒಂದೇ.

ಕರೆಗೆ ಎಷ್ಟು ವೇಗ ಬೇಕು?

ನಾವು ಅಂದುಕೊಂಡಿರುವುದಕ್ಕಿಂತ ತುಂಬಾ ಕಡಿಮೆ. ದೂರವಾಣಿ ಜಾಲಗಳು ದಶಕಗಳಿಂದ ಬಳಸುತ್ತಿರುವ ಜಿ.711 ಎಂಬ ವಿಧಾನದಲ್ಲಿ ಒಂದು ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಕು. ವಿಳಾಸದ ಮಾಹಿತಿಯೆಲ್ಲ ಸೇರಿದರೂ 90 ಕಿಲೋಬಿಟ್ ಸುಮಾರು. ಅಂದರೆ 1 ಎಂಬಿಪಿಎಸ್‌ನಲ್ಲೇ ಹತ್ತು ಕರೆಗಳಿಗೆ ಜಾಗವಿದೆ. ಹಾಗಾಗಿ 30 ಎಂಬಿಪಿಎಸ್ ಪ್ಲಾನ್‌ನಲ್ಲಿ ತುಂಡಾಗುವ ಕರೆ 300 ಎಂಬಿಪಿಎಸ್‌ಗೆ ಹೋದ ಮಾತ್ರಕ್ಕೆ ಸರಿಯಾಗುತ್ತದೆ ಎನ್ನಲಾಗದು.

ಕರೆಗೆ ಮುಖ್ಯವಾದದ್ದು ಸಮಯ. ನಮ್ಮ ಮಾತನ್ನು ಫೋನ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಸೆಕೆಂಡಿಗೆ 50 ಪೊಟ್ಟಣಗಳಂತೆ ಕಳಿಸುತ್ತದೆ. ಅವು ಒಂದೇ ಅಂತರದಲ್ಲಿ ತಲುಪಬೇಕು. ಹತ್ತು ನಿಮಿಷಕ್ಕೊಂದು ಬರಬೇಕಾದ ಬಸ್ಸುಗಳು ಅರ್ಧ ಗಂಟೆ ಬಾರದೆ, ಆಮೇಲೆ ಮೂರೂ ಒಟ್ಟಿಗೆ ಬಂದರೆ ಲೆಕ್ಕದಲ್ಲಿ ಬಸ್ಸು ಕಡಿಮೆಯಾಗಿಲ್ಲ, ಆದರೆ ಕಾದವರ ಕೆಲಸ ಕೆಟ್ಟಿತು. ಕರೆಯಲ್ಲೂ ಹಾಗೆಯೇ. ಈ ಏರುಪೇರನ್ನು ‘ಜಿಟರ್’ ಎನ್ನುತ್ತಾರೆ. ತಡವಾಗಿ ಬಂದ ಚೂರನ್ನು ಫೋನ್ ಎಸೆದುಬಿಡುತ್ತದೆ, ನಮಗೆ ಮಾತು ನುಂಗಿದಂತೆ ಕೇಳಿಸುತ್ತದೆ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಧ್ವನಿ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ತಗಲದಿದ್ದರೆ ಒಳ್ಳೆಯದು ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಯೂಟ್ಯೂಬ್ ವಿಡಿಯೋ ಸರಾಗವಾಗಿ ಓಡುವಾಗಲೂ ಕರೆ ಕೆಡುವುದು ಇದಕ್ಕೇ. ವಿಡಿಯೋದ ಮುಂದಿನ ಭಾಗವನ್ನು ಫೋನ್ ಮೊದಲೇ ತುಂಬಿಸಿಟ್ಟುಕೊಳ್ಳಬಹುದು. ಇನ್ನೂ ಆಡದ ಮಾತನ್ನು ಹಾಗೆ ತುಂಬಿಸಿಡಲು ಬರುವುದಿಲ್ಲ.

ಮೊದಲು ತೊಂದರೆ ಎಲ್ಲಿದೆ ಎಂದು ನೋಡಿ

ರೌಟರ್ ಬದಲಿಸುವ ಮುನ್ನ ಮೂರು ಪರೀಕ್ಷೆ ಮಾಡಿ. ಖರ್ಚಿಲ್ಲ, ಹತ್ತು ನಿಮಿಷ ಸಾಕು.

1. ರೌಟರ್ ಪಕ್ಕದಲ್ಲೇ ನಿಂತು, ಮನೆಯಲ್ಲಿ ಬೇರೆ ಯಾರೂ ಇಂಟರ್‌ನೆಟ್ ಬಳಸದಿರುವಾಗ, ಇಬ್ಬರು ಬೇರೆ ಬೇರೆ ಜನರಿಗೆ ಕರೆ ಮಾಡಿ. ಇಬ್ಬರ ಜೊತೆಗೂ ಮಾತು ತುಂಡಾದರೆ ಹೆಚ್ಚಾಗಿ ಹೊರಗಿನ ಲೈನಿನದೇ ತೊಂದರೆ. ದುಬಾರಿ ರೌಟರ್ ತಂದರೆ ಅದು ಹೋಗುವುದಿಲ್ಲ. ಇಂಟರ್‌ನೆಟ್ ಕೊಟ್ಟವರಿಗೆ ದೂರು ಕೊಡಿ. ಒಬ್ಬರ ಜೊತೆ ಮಾತ್ರ ಕೆಟ್ಟರೆ ಸಮಸ್ಯೆ ಅವರ ಕಡೆಯದು.

2. ಪಕ್ಕದಲ್ಲಿ ಚೆನ್ನಾಗಿದ್ದು, ಒಳಕೋಣೆಗೆ ಹೋದಾಗ ಕೆಟ್ಟರೆ ಅದು ಸಿಗ್ನಲ್ ಹರಡುವಿಕೆಯ ತೊಂದರೆ.

3. ಎಲ್ಲ ಸರಿಯಿದ್ದು, ಮನೆಯಲ್ಲಿ ಯಾರೋ ದೊಡ್ಡ ವಿಡಿಯೋ ಕಳಿಸುವಾಗ ಅಥವಾ ಫೋಟೋ ಬ್ಯಾಕಪ್ ಆಗುವಾಗ ಮಾತ್ರ ಕೆಟ್ಟರೆ ಅದು ಸಾಲಿನ ತೊಂದರೆ. ರೌಟರ್ ಎಲ್ಲ ಪೊಟ್ಟಣಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ, ದೊಡ್ಡ ಫೈಲಿನ ಹಿಂದೆ ನಿಮ್ಮ ಮಾತು ಕಾಯುತ್ತದೆ.

ಆಂಟೆನಾ ಹೆಚ್ಚಿದ್ದರೆ ಸಿಗ್ನಲ್ ದೂರ ಹೋಗುತ್ತದೆಯೇ?

ಹಾಗೇನಿಲ್ಲ. ರೌಟರ್ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬುದಕ್ಕೆ ಸರ್ಕಾರಿ ಮಿತಿ ಇದೆ. ಹೆಚ್ಚಿನ ಆಂಟೆನಾಗಳು ಮುಖ್ಯವಾಗಿ ಏಕಕಾಲಕ್ಕೆ ಹೆಚ್ಚು ಮಾಹಿತಿ ಸಾಗಿಸಲು ಇರುವಂಥವು. ಜೊತೆಗೆ ಕರೆ ಎಂದರೆ ಎರಡೂ ಕಡೆಯ ಮಾತು. ರೌಟರ್ ಎಷ್ಟೇ ಗಟ್ಟಿಯಾಗಿ ಕೂಗಿದರೂ ನಿಮ್ಮ ಮೊಬೈಲ್ ತಿರುಗಿ ಕೂಗಬೇಕು, ಅದರ ಶಕ್ತಿ ಸಾಮಾನ್ಯವಾಗಿ ಕಡಿಮೆ. “ನಂಗೆ ಕೇಳ್ತಿದೆ, ನಿಂಗೆ ಕೇಳ್ತಿಲ್ವಾ?” ಎಂಬ ಪರಿಸ್ಥಿತಿಗೆ ಎಷ್ಟೋ ಸಲ ಇದೇ ಕಾರಣ.

ರೌಟರ್ ಎಲ್ಲಿಟ್ಟಿದ್ದೀರಿ ಎಂಬುದು ಆಂಟೆನಾಗಿಂತ ಮುಖ್ಯ. ಟಿವಿ ಹಿಂದೆ, ಕಬ್ಬಿಣದ ಬೀರುವಿನ ಮೇಲೆ, ಮೈಕ್ರೋವೇವ್ ಪಕ್ಕ ಇಡಬೇಡಿ. ಮನೆಯ ನಡುವೆ, ಎತ್ತರದಲ್ಲಿ ಇಡಿ. ದಪ್ಪ ಕಲ್ಲಿನ ಅಥವಾ ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ಒಂದೇ ರೌಟರ್ ಸಾಲದೆ ಹೋಗಬಹುದು. ಆಗ ಈಥರ್‌ನೆಟ್ ಕೇಬಲ್ ಎಳೆದು ಎರಡನೆಯದನ್ನು ಇಡುವುದೇ ಉತ್ತಮ. ಈ ಕೇಬಲ್ 100 ಮೀಟರ್‌ವರೆಗೆ ಕೆಲಸ ಮಾಡುತ್ತದೆ. ಗೋಡೆಯ ಪ್ಲಗ್ಗಿಗೆ ಚುಚ್ಚುವ ‘ಎಕ್ಸ್‌ಟೆಂಡರ್’ ಅಗ್ಗ. ಆದರೆ ಅದು ಪ್ರತಿ ಪೊಟ್ಟಣವನ್ನೂ ಕೇಳಿ ಮತ್ತೆ ಕಳಿಸಬೇಕಾದ್ದರಿಂದ ಕರೆಗೆ ತಡ ಸೇರುತ್ತದೆ.

ಕೊಳ್ಳುವಾಗ ಏನು ನೋಡಬೇಕು?

ಡ್ಯುಯಲ್ ಬ್ಯಾಂಡ್: 2.4 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಮೇಲು. ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರ ವೈಫೈ, ಬ್ಲೂಟೂತ್ ಎಲ್ಲವೂ ಅದೇ ಜಾಗಕ್ಕೆ ನುಗ್ಗುತ್ತವೆ. ಅಂಥಲ್ಲಿ 5 ಗಿಗಾಹರ್ಟ್ಸ್ ಒಳ್ಳೆಯದು. ನೆರೆಮನೆ ದೂರವಿರುವ ತೋಟದ ಮನೆಗೆ 2.4 ಚೆನ್ನಾಗಿಯೇ ನಡೆಯುತ್ತದೆ. ಎರಡೂ ಇದ್ದರೆ ಆಯ್ಕೆ ನಿಮ್ಮದು.

ಕ್ಯೂಓಎಸ್ ಅಥವಾ ಎಸ್‌ಕ್ಯೂಎಂ: ಮೂರನೇ ಪರೀಕ್ಷೆಯಲ್ಲಿ ಸೋತವರಿಗೆ ಇದು ಮುಖ್ಯ. ದೊಡ್ಡ ಫೈಲುಗಳ ನಡುವೆ ಧ್ವನಿಗೆ ದಾರಿ ಬಿಡಿಸುವ ವ್ಯವಸ್ಥೆ ಇದು. ‘ಡಬ್ಲ್ಯೂಎಂಎಂ’ ಎಂಬ ಆಯ್ಕೆ ಇದ್ದರೆ ಅದನ್ನೂ ಆನ್ ಇರಿಸಿ.

ಎಸ್‌ಐಪಿ ಎಎಲ್‌ಜಿ ಆಫ್ ಮಾಡುವ ಅವಕಾಶ: ಕಚೇರಿಯ ಇಂಟರ್‌ನೆಟ್ ಫೋನ್ ಬಳಸುವವರು ಗಮನಿಸಿ. ಸಹಾಯಕ್ಕೆಂದು ಇರುವ ಈ ಸೌಲಭ್ಯವೇ ಎಷ್ಟೋ ಬಾರಿ ಒಂದು ಕಡೆಯ ಧ್ವನಿ ಮಾಯವಾಗಲು ಕಾರಣ.

ಡಬ್ಬಿಯ ಮೇಲಿನ ಸಂಖ್ಯೆಗೆ ಮರುಳಾಗಬೇಡಿ: ‘ಎಸಿ1200’ ಎಂದರೆ 2.4ರ 300 ಮತ್ತು 5ರ 867 ಎರಡನ್ನೂ ಕೂಡಿಸಿ, ದುಂಡು ಮಾಡಿ ಬರೆದದ್ದು. ನಿಮ್ಮ ಫೋನ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಬ್ಯಾಂಡ್ ಬಳಸುತ್ತದೆ.

ಫೈಬರ್ ಪೆಟ್ಟಿಗೆಗೆ ಲ್ಯಾಂಡ್‌ಲೈನ್ ಫೋನ್ ಜೋಡಿಸಿದ್ದರೆ ಆ ಪೆಟ್ಟಿಗೆಯನ್ನು ತೆಗೆಯಬೇಡಿ. ನಿಮ್ಮ ನಂಬರಿನ ವಿವರ ಅದರಲ್ಲಿರುತ್ತದೆ. ಹೊಸ ರೌಟರನ್ನು ಅದರ ಹಿಂದೆ ಜೋಡಿಸಿ.

ಕರೆಂಟ್ ಹೋದಾಗ ಏನಾಗುತ್ತದೆ?

ಹಳೆಯ ತಾಮ್ರದ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ ಸುಮಾರು 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಫೋನ್ ನಡೆಯುತ್ತಿತ್ತು. ಫೈಬರ್ ಎಂದರೆ ಗಾಜಿನ ಎಳೆ, ಅದರಲ್ಲಿ ವಿದ್ಯುತ್ ಬರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ರೌಟರ್ ಜೊತೆ ಫೋನೂ ಹೋಯಿತು. ಆದ್ದರಿಂದ ಸಿಗ್ನಲ್ ಇಲ್ಲದ ಊರಿನವರು ರೌಟರಿನ ಬೆಲೆ ಸ್ವಲ್ಪ ತಗ್ಗಿಸಿಯಾದರೂ ಒಂದು ಮಿನಿ ಯುಪಿಎಸ್ ಕೊಳ್ಳಿ. ಅದರ ವೋಲ್ಟ್ ನಿಮ್ಮ ಅಡಾಪ್ಟರಿನ ಮೇಲೆ ಬರೆದಷ್ಟೇ ಇರಬೇಕು, ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು. ಫೈಬರ್ ಪೆಟ್ಟಿಗೆ ಮತ್ತು ರೌಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು.

ಇನ್ನೊಂದು ವಿಷಯ. ವಾಟ್ಸಾಪ್‌ನಿಂದ 112ಕ್ಕೆ ಕರೆ ಮಾಡಲು ಆಗುವುದಿಲ್ಲ. ಫೋನಿನ ಸೆಟ್ಟಿಂಗ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಆರಂಭಿಸಿದವು. ಇದರಲ್ಲಿ ನಿಮ್ಮದೇ ನಂಬರಿನಿಂದ ಡಾಕ್ಟರು, ಜೀಪಿನವರು, ನೆರೆಯವರು ಹೀಗೆ ಯಾವ ಸಾಮಾನ್ಯ ಫೋನಿಗಾದರೂ ಕರೆ ಹೋಗುತ್ತದೆ. ಆ ನಂಬರುಗಳನ್ನು ಹಿರಿಯರ ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಡಿ.

ರಾತ್ರಿ ರೌಟರ್ ಆಫ್ ಮಾಡಬೇಕೇ?

ಆರೋಗ್ಯದ ಕಾರಣಕ್ಕೆ ಬೇಕಿಲ್ಲ. ವೈಫೈ ಅಲೆಗಳಿಗೆ ಎಕ್ಸ್-ರೇ ಹಾಗೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಡಿಎನ್‌ಎ ಕೆಡಿಸುವಷ್ಟು ಶಕ್ತಿ ಇಲ್ಲ. ವೈರ್‌ಲೆಸ್ ಜಾಲಗಳ ದುರ್ಬಲ ಅಲೆಗಳಿಂದ ಆರೋಗ್ಯಕ್ಕೆ ಹಾನಿ ಎಂಬುದಕ್ಕೆ ಮನವರಿಕೆಯಾಗುವಂಥ ವೈಜ್ಞಾನಿಕ ಸಾಕ್ಷ್ಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ಹೇಳಿದೆ. ಮೊಬೈಲ್ ಸಿಗ್ನಲ್ ಇಲ್ಲದ ಮನೆಯಲ್ಲಿ ರೌಟರ್ ಆರಿಸಿ ಮಲಗಿದರೆ ಇರುವ ಒಂದೇ ಫೋನನ್ನು ಆರಿಸಿದಂತೆ. ಆ ಫಾರ್ವರ್ಡ್ ನಂಬಿದವರಿಗೆ ಅಪಾಯ ಬರುವುದು ಈ ಕಡೆಯಿಂದ.

ಒಟ್ಟಿನಲ್ಲಿ, ಮೊದಲು ಪರೀಕ್ಷೆ ಮಾಡಿ, ಆಮೇಲೆ ರೌಟರ್ ಜಾಗ ಬದಲಿಸಿ ನೋಡಿ, ಬೇಕಾದರೆ ಕೇಬಲ್ ಎಳೆಯಿರಿ. ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ಮೇಲಿನ ಪಟ್ಟಿ ಹಿಡಿದು ಅಂಗಡಿಗೆ ಹೋಗಿ. ಊರಿನಲ್ಲಿ ಒಂಟಿಯಾಗಿರುವ ಅಪ್ಪ-ಅಮ್ಮನ ಮನೆಗೆ ಮುಂದಿನ ಸಲ ಹೋದಾಗ ಮೇನ್ ಸ್ವಿಚ್ ಒಮ್ಮೆ ಆಫ್ ಮಾಡಿ, ಫೋನ್ ಹೋಗುತ್ತದೆಯೇ ಎಂದು ನೋಡಿಬಿಡಿ.