ಸಭೆ ಚಿಕ್ಕದು, ಅಂಗಳ ದೊಡ್ಡದು: ತುಮಕೂರು ಸೀಮೆಯಲ್ಲಿ ಕಥೋಲಿಕ ಸೇವೆ ನಡೆದು ಬಂದ ದಾರಿ

ಕರ್ನಾಟಕದಲ್ಲಿ ಕಥೋಲಿಕರ ಸಮಾಜಸೇವೆ ಎಂದ ಕೂಡಲೇ ನಮ್ಮ ಕಣ್ಣು ಕರಾವಳಿಯತ್ತ ಹೊರಳುತ್ತದೆ. 1878ರಲ್ಲಿ ಮಂಗಳೂರಿಗೆ ಬಂದ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅದು ಬೆಳೆದು ಇಂದಿನ ದೊಡ್ಡ ಆಸ್ಪತ್ರೆಯಾಯಿತು. ಅಲ್ಲಿ ಬೆನ್ನಿಗೆ ನಿಲ್ಲಲು ತುಂಬಿದ ಚರ್ಚುಗಳಿದ್ದವು, ಓದಿದ ಮನೆತನಗಳಿದ್ದವು. ಆ ಅಳತೆಗೋಲು ತುಮಕೂರು ಸೀಮೆಗೆ ಒಗ್ಗುವುದಿಲ್ಲ. 2011ರ ಜನಗಣತಿಯ ಹೊತ್ತಿಗೆ ಸುಮಾರು 26.79 ಲಕ್ಷ ಜನರಿದ್ದ ಈ ಜಿಲ್ಲೆಯಲ್ಲಿ ಎಲ್ಲ ಪಂಗಡದ ಕ್ರೈಸ್ತರನ್ನು ಕೂಡಿಸಿದರೂ ನೂರಕ್ಕೆ ಒಬ್ಬರಿರಲಿಲ್ಲ. ಮೈಸೂರಿನಿಂದ ಬೇರ್ಪಟ್ಟು 1940ರಲ್ಲಿ ಹುಟ್ಟಿ, 1953ರಲ್ಲಿ ಮಹಾಧರ್ಮಕ್ಷೇತ್ರವಾದ ಬೆಂಗಳೂರಿಗೆ ತುಮಕೂರು, ಗುಬ್ಬಿ, ಕುಣಿಗಲ್ ಸೇರಿದವು. ಕಾಲೇಜು, ಆಸ್ಪತ್ರೆ, ಹಣ ಎಲ್ಲವೂ ಬೆಂಗಳೂರಿನಲ್ಲಿ. ಇವು ಅಂಚಿನ ಊರುಗಳು.

ಈ ಚಿಕ್ಕತನವೇ ಇಲ್ಲಿನ ಸೇವೆಯ ಗುಣವನ್ನು ತಿದ್ದಿತು ಎಂಬುದು ನನ್ನ ನಂಬಿಕೆ. ತನ್ನವರೇ ಬೆರಳೆಣಿಕೆಯಷ್ಟಿದ್ದಾಗ ಬಾಗಿಲಿಗೆ ಬರುವವರೆಲ್ಲ ಬೇರೆಯವರೇ. ಬಂದವರ ಜಾತಿ ಮತ ಕೇಳುತ್ತ ಕೂತರೆ ಕೆಲಸವೇ ಇರುವುದಿಲ್ಲ.

ಹಳೆ ಮೈಸೂರಿನಲ್ಲಿ ಕಥೋಲಿಕರ ನೆಲೆ ಹದಿನೇಳನೆಯ ಶತಮಾನದ್ದು. ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದ ಕಡೆಗೆ ಬಂದು ಕನ್ನಡ ಕಲಿತದ್ದು ಆಗ. ಆದರೆ ಸೇವೆಯ ದೃಷ್ಟಿಯಿಂದ ನಾವು ನಿಂತು ನೋಡಬೇಕಾದವರು ಪ್ಯಾರಿಸ್ಸಿನ ವಿದೇಶಿ ಮಿಷನ್‌ನ ಅಬೆ ದ್ಯುಬುವಾ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಗೆ ಬಂದ ಇವರು 1803-04ರಲ್ಲಿ ಕೆಲವೇ ತಿಂಗಳಲ್ಲಿ 25,432 ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರೆಂದು ದಾಖಲೆಯಿದೆ. ಆ ಕಾಲದ ಲಸಿಕೆಯೆಂದರೆ ಸೀಸೆಯೂ ಇಲ್ಲ, ಮಂಜುಗಡ್ಡೆಯೂ ಇಲ್ಲ. ಒಂದು ಮಗುವಿನ ತೋಳಿನ ಮೇಲೆ ಹಾಕಿದ ಗೀರು ಎಂಟು ದಿನಕ್ಕೆ ಗುಳ್ಳೆಯಾಗುತ್ತದೆ. ಆ ಗುಳ್ಳೆ ಒಡೆದು, ಒಸರಿದ ನೀರನ್ನು ಸೂಜಿಯ ಮೊನೆಯಲ್ಲಿ ತೆಗೆದು ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕು. ಎಂಟು ದಿನದೊಳಗೆ ಮುಂದಿನ ತೋಳು ಸಿಗದಿದ್ದರೆ ಸರಪಳಿ ಕಡಿದುಹೋಯಿತು. ಮುಟ್ಟು ಮೈಲಿಗೆ ಬಿಗಿಯಾಗಿದ್ದ ಹಳ್ಳಿಗಳಲ್ಲಿ ಯಾರದೋ ಮಗುವಿನ ಮೈಯ ನೀರನ್ನು ತಮ್ಮ ಮಗುವಿನ ಮೈಗೆ ಹಾಕಿಸಿಕೊಳ್ಳಲು ತಾಯಂದಿರು ಒಪ್ಪಿದ್ದು ಸಣ್ಣ ಮಾತಲ್ಲ. ಒಪ್ಪಿಸಿದ್ದೂ ಸಣ್ಣ ಮಾತಲ್ಲ. ಇದೇ ದ್ಯುಬುವಾ 1823ರಲ್ಲಿ ಫ್ರಾನ್ಸಿಗೆ ಮರಳಿದರು. ಈ ದೇಶದವರನ್ನು ಕ್ರೈಸ್ತರನ್ನಾಗಿಸುವ ಪ್ರಯತ್ನ ಫಲಿಸುವುದಿಲ್ಲವೆಂದು ಅದೇ ವರ್ಷ ಅಚ್ಚಾದ ಪುಸ್ತಕದಲ್ಲಿ ಬಿಚ್ಚಿ ಹೇಳಿದರು. ಮತದ ಲೆಕ್ಕದಲ್ಲಿ ಸೋತೆ ಎಂದುಕೊಂಡವರ ಕೈಯಿಂದಲೇ ಇಪ್ಪತ್ತೈದು ಸಾವಿರ ತೋಳುಗಳಿಗೆ ರಕ್ಷೆ ಸಿಕ್ಕಿತ್ತು.

ತುಮಕೂರು ಕಡೆ ಮಿಷನರಿಗಳ ಹೆಜ್ಜೆ ಗಟ್ಟಿಯಾಗಿ ಬಿದ್ದದ್ದು ಕಥೋಲಿಕರದಲ್ಲ, ಪ್ರಾಟೆಸ್ಟಂಟ್ ಪಂಗಡದ ವೆಸ್ಲಿಯನ್ನರದು. ಅಡಿಕೆ, ತೆಂಗಿನ ವ್ಯಾಪಾರಕ್ಕೆ ಹೆಸರಾದ ಸಂತೆಯೂರು ಗುಬ್ಬಿಯಲ್ಲಿ ಅವರು 1837ರಲ್ಲೇ ನೆಲೆ ಹಾಕಿದ್ದರು. ಆ ಮೇಲೆ ಬಂತು 1876-78ರ ಧಾತು ಈಶ್ವರದ ಬರ. 1871ರಲ್ಲಿ 50.55 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 41.86 ಲಕ್ಷಕ್ಕೆ ಇಳಿಯಿತು. ಸಂಸ್ಥಾನದ ಒಣ ತಾಲ್ಲೂಕುಗಳಲ್ಲಿ ಊರಿಗೆ ಊರೇ ಗುಳೆ ಎದ್ದು ದಾರಿಯಲ್ಲೇ ಜನ ಬಿದ್ದರು. ತಬ್ಬಲಿ ಮಕ್ಕಳಿಗೆ ವೆಸ್ಲಿಯನ್ನರು ತುಮಕೂರಿನಲ್ಲಿ, ಹಾಸನದಲ್ಲಿ ಆಶ್ರಯ ಕೊಟ್ಟರೆ, ಕಥೋಲಿಕರು ಜಮೀನು ಕೊಂಡು ಊರನ್ನೇ ಕಟ್ಟಿದರು. ನೆಲಮಂಗಲ ಸೀಮೆಯ ಸಿಲುವೆಪುರ, ಕನಕಪುರ ದಿಕ್ಕಿನ ಮರಿಯಾಪುರ ಹೀಗೆ ಬರದ ಮಕ್ಕಳು ಬೇಸಾಯ ಕಲಿತು ಬಾಳು ಹೂಡಿದ ಜಾಗಗಳು. ಕುಣಿಗಲ್ಲಿಗೆ ಇವೇನೂ ದೂರವಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಆ ಮಕ್ಕಳು ಬದುಕಿದರು, ಕ್ರೈಸ್ತರಾಗಿ ಬೆಳೆದರು. ಅನ್ನ ಇಟ್ಟ ಕೈಗೂ ಜ್ಞಾನಸ್ನಾನ ಕೊಟ್ಟ ಕೈಗೂ ಆಗ ಅಂತರವಿರಲಿಲ್ಲ. ಸಾಯುವ ಮಗುವನ್ನು ಎತ್ತಿಕೊಂಡದ್ದು ಪುಣ್ಯದ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸೇವೆಯ ಹಿಂದೆ ಏನಿದೆ ಎಂದು ಇವತ್ತಿಗೂ ಕೇಳುವವರ ಸಂಶಯಕ್ಕೆ ಬೇರು ಅಲ್ಲಿದೆ. ಅದನ್ನು ಒಪ್ಪಿಕೊಂಡೇ ಮುಂದಿನ ನೂರು ವರ್ಷದ ಬದಲಾವಣೆಯನ್ನು ನೋಡಬೇಕು.

ತುಮಕೂರಿನಲ್ಲಿ ಅನ್ನ ಹಾಕುವುದು ಯಾರಿಗೂ ಹೊಸದಲ್ಲ ಎಂಬುದೂ ನೆನಪಿರಲಿ. ಸಿದ್ಧಗಂಗಾ ಮಠದ ಒಲೆ ಆರಿದ್ದನ್ನು ಕಂಡವರಿಲ್ಲ. 1930ರಲ್ಲಿ ಸನ್ಯಾಸ ಪಡೆದ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ ಜಾತಿ ಮತ ನೋಡದೆ ಊಟ, ಪಾಠ, ವಸತಿ ಕೊಟ್ಟರು. ದಾಸೋಹದ ಇಂಥ ನೆರಳಿನಲ್ಲಿ ಕೆಲಸ ಮಾಡುವ ಒಂದು ಚಿಕ್ಕ ಕನ್ಯಾಮಠ ತಾನೂ ನಾಲ್ಕು ಜನಕ್ಕೆ ಊಟ ಹಾಕುತ್ತೇನೆ ಎಂದರೆ ಅದು ದೊಡ್ಡ ಸುದ್ದಿಯಾಗುವುದಿಲ್ಲ. ಅನ್ನದಾಚೆಗೆ ಏನು ಎಂಬ ಪ್ರಶ್ನೆ ಈ ಜಿಲ್ಲೆಯಲ್ಲಿ ಬೇಗ ಎದುರಾಗುತ್ತದೆ.

ಸ್ವಾತಂತ್ರ್ಯದ ನಂತರದ ಎರಡು ದಶಕ ಮಾತ್ರ ಅನ್ನದ ಕಾಲವೇ. ಅಮೆರಿಕದ ಕ್ಯಾಥೋಲಿಕ್ ರಿಲೀಫ್ ಸರ್ವಿಸಸ್ ಭಾರತದಲ್ಲಿ ಕೆಲಸ ಶುರು ಮಾಡಿದ್ದು 1946ರಲ್ಲಿ. ಅಮೆರಿಕದ 1954ರ ಆಹಾರ ನೆರವಿನ ಕಾಯ್ದೆ ಪಿ.ಎಲ್. 480ರ ಅಡಿ ಬಂದ ಗೋಧಿ, ಹಾಲಿನ ಪುಡಿ, ಅಡುಗೆ ಎಣ್ಣೆ ಧರ್ಮಕೇಂದ್ರಗಳ ಉಗ್ರಾಣಕ್ಕೆ ಇಳಿಯುತ್ತಿತ್ತು. ಬಾವಿ ತೋಡಿದರೆ, ಕೆರೆ ಹೂಳು ಎತ್ತಿದರೆ ಕೂಲಿಯ ಬದಲು ಕಾಳು. ಭಾರತದ ಬಿಷಪರು 1962ರಲ್ಲಿ ಕಾರಿತಾಸ್ ಇಂಡಿಯಾ ಎಂಬ ಸೇವಾ ಸಂಸ್ಥೆ ಕಟ್ಟಿದರು. ಹೊಟ್ಟೆ ತುಂಬಿತು, ನಿಜ. ಆದರೆ ಚೀಲ ಬರುವುದು ನಿಂತ ದಿನ ಕೆಲಸವೂ ನಿಲ್ಲುತ್ತಿತ್ತು, ಕೊಡುವವರ ಮುಂದೆ ತೆಗೆದುಕೊಳ್ಳುವವರು ಕೈಕಟ್ಟಿ ನಿಲ್ಲುವುದೂ ತಪ್ಪಲಿಲ್ಲ.

ಇದನ್ನು ಒಳಗಿನಿಂದಲೇ ಅಲುಗಾಡಿಸಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. 1965ರಲ್ಲಿ ಅದು ಮುಗಿಯುವ ಹೊತ್ತಿಗೆ ಬಡವರ ಸಂಕಟ ತನ್ನದೇ ಸಂಕಟವೆಂದು ಶ್ರೀಸಭೆ ಬರೆದುಕೊಂಡಿತ್ತು. 1967ರಲ್ಲಿ ಪೋಪ್ ಆರನೆಯ ಪೌಲರು ಜನಾಂಗಗಳ ಅಭಿವೃದ್ಧಿಯ ಬಗ್ಗೆ ವಿಶ್ವಪತ್ರ ಹೊರಡಿಸಿದರು. ಪೂಜೆ ಕನ್ನಡಕ್ಕೆ ಬಂದದ್ದೂ ಇದೇ ಗಾಳಿಯಲ್ಲಿ. ಭಾಷೆಯ ಮಾತನ್ನು ಸುಮ್ಮನೆ ಎತ್ತಲಿಲ್ಲ. ಕೇರಳದಿಂದ, ತಮಿಳುನಾಡಿನಿಂದ, ಮಂಗಳೂರಿನಿಂದ ಬಂದ ಸಿಸ್ಟರುಗಳು ತುಮಕೂರು ಸೀಮೆಯ ಕನ್ನಡ ಕಲಿತ ಮೇಲೆಯೇ ಹಟ್ಟಿಯ ಹೆಂಗಸರು ಅವರ ಹತ್ತಿರ ಮನೆಯ ಮಾತು ಆಡತೊಡಗುವುದು. ‘ಉಣ್ಣಕ್ ಐತಾ?’ ಎಂದು ಕೇಳಲು ಬಾರದವರು ಎಷ್ಟು ಓದಿದ್ದರೇನು?

ಮಹಾಧರ್ಮಕ್ಷೇತ್ರದ ಸೇವಾ ಅಂಗವಾದ ಬೆಂಗಳೂರು ಮಲ್ಟಿಪರ್ಪಸ್ ಸೋಶಿಯಲ್ ಸರ್ವಿಸ್ ಸೊಸೈಟಿಯಂಥವು ಹಳ್ಳಿ ಸಂಘಗಳತ್ತ ತಿರುಗಿದ್ದು ಈ ಬದಲಾವಣೆಯ ಮುಂದುವರಿಕೆ. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿದ ಮೇಲೆ ಈ ಕೆಲಸಕ್ಕೆ ರೆಕ್ಕೆ ಬಂತು. ಸಂಘದ ಸಭೆ ಎಂದರೆ ಏನೆಂದು ಹತ್ತಿರದಿಂದ ಕಂಡವರಿಗೆ ಗೊತ್ತು. ದೇವಸ್ಥಾನದ ಜಗಲಿಯೋ ಯಾರದೋ ಪಡಸಾಲೆಯೋ, ಒಂದು ಜಮಖಾನ, ಒಂದು ಕಬ್ಬಿಣದ ಪೆಟ್ಟಿಗೆ. ವಾರಕ್ಕೆ ಹತ್ತು ರೂಪಾಯಿ. ಸೆರಗಿನ ಗಂಟು ಬಿಚ್ಚಿ ಇಡುವ ಆ ಹತ್ತರ ನೋಟಿನಲ್ಲಿ ಬೆವರಿನ ತೇವ ಇನ್ನೂ ಇರುತ್ತದೆ. ಊರಿನ ಸಾಹುಕಾರ ನೂರಕ್ಕೆ ಐದು, ಹತ್ತು ಬಡ್ಡಿ ಹಾಕಿ, ಮೊದಲ ತಿಂಗಳದ್ದನ್ನು ಮುರಿದುಕೊಂಡೇ ಸಾಲ ಕೊಡುತ್ತಿದ್ದ. ಸಂಘದಲ್ಲಿ ನೂರಕ್ಕೆ ಎರಡು, ಆ ಬಡ್ಡಿಯೂ ತಮ್ಮ ಪೆಟ್ಟಿಗೆಗೇ. ಯಾರಿಗೆ ಮೊದಲು ಸಾಲ ಎಂಬುದು ಅಲ್ಲೇ ತೀರ್ಮಾನ: ಕುರಿ ಕೊಳ್ಳುವವಳಿಗಿಂತ ಮಗುವನ್ನು ಆಸ್ಪತ್ರೆಗೆ ಸೇರಿಸುವವಳು ಮುಂದೆ. ಆ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯುವಾಗ ಸಿಸ್ಟರ್ ಮೂಲೆಯಲ್ಲಿ ಸುಮ್ಮನೆ ಕೂತಿದ್ದರೆ ಅದು ಒಳ್ಳೆಯ ಸಂಘ. ಪೆನ್ನು ಅವರ ಕೈಯಲ್ಲೇ ಇದ್ದರೆ ಆ ಸಂಘ ಅವರ ವರ್ಗಾವಣೆಯ ಜೊತೆ ಮುಗಿಯುತ್ತದೆ.

ಈ ಪೆಟ್ಟಿಗೆಯ ಮೇಲೆ ಇತ್ತೀಚಿನ ವರ್ಷಗಳಲ್ಲಿ ಮೈಕ್ರೋಫೈನಾನ್ಸ್ ಕಂಪನಿಗಳ ಸಾಲ ಬಂದು ಕೂತಿದೆ. ವಾರದ ಕಂತಿಗೆ ಮನೆ ಬಾಗಿಲಲ್ಲಿ ನಿಲ್ಲುವ ವಸೂಲಿಗಾರರ ಕಾಟಕ್ಕೆ 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಹುಕಾರನನ್ನು ಬಿಡಿಸಿಕೊಂಡ ಹೆಂಗಸರು ಮತ್ತೊಬ್ಬ ಸಾಹುಕಾರನ ಕೈಗೆ ಬೀಳುವುದನ್ನು ನೋಡುವುದು ನೋವಿನ ಸಂಗತಿ.

ರೋಗಿಗಳ ಸೇವೆಯಲ್ಲಿ ಅಂಚಿನ ಊರುಗಳು ಬೆಂಗಳೂರನ್ನೇ ನಂಬಿದವು. 1886ರ ಸೇಂಟ್ ಮಾರ್ಥಾಸ್ ಆಸ್ಪತ್ರೆ, 1963ರ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ದೇವರಾಜ ಅರಸರ ಕಾಲದಲ್ಲಿ ಸರ್ಕಾರ ಕೊಟ್ಟ 63 ಎಕರೆಯಲ್ಲಿ ಕುಷ್ಠರೋಗಿಗಳಿಗಾಗಿ ಎದ್ದ ಸುಮನಹಳ್ಳಿ, ಇವೆಲ್ಲ ಮಹಾಧರ್ಮಕ್ಷೇತ್ರದ ನಡುಮನೆಯವು.

ಕುಣಿಗಲ್ಲಿನ ಕಥೆಗೆ ಬೇರೆ ಮುಖವಿದೆ. ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಮಳೆ ಕೈಕೊಟ್ಟ ವರ್ಷ ಗಂಡಸರು ಗಾರೆ ಕೆಲಸಕ್ಕೆ, ಹೆಂಗಸರು ಮನೆಗೆಲಸಕ್ಕೆ ಬಸ್ಸು ಹತ್ತುವುದು ಹಳೆಯ ರೂಢಿ. ಹಳ್ಳಿಯಲ್ಲಿ ಸಂಘ ಕಟ್ಟಿ ಕೈತೊಳೆದುಕೊಂಡರೆ ಈ ಜನರ ಅರ್ಧ ಬಾಳು ಲೆಕ್ಕಕ್ಕೇ ಬರುವುದಿಲ್ಲ. ಬೆಲ್ಜಿಯಂ ಮೂಲದ ಸಿಸ್ಟರ್ ಜೀನ್ ಡಿವೋಸ್ 1985ರಲ್ಲಿ ಕಟ್ಟಿದ ರಾಷ್ಟ್ರೀಯ ಮನೆಗೆಲಸದವರ ಚಳವಳಿ ಮುಖ್ಯವಾಗುವುದು ಇಲ್ಲಿ. ಪಾತ್ರೆ ತೊಳೆಯುವುದೂ ಕೆಲಸವೇ, ಅದಕ್ಕೂ ಕೂಲಿ, ರಜೆ, ಮರ್ಯಾದೆ ಇರಬೇಕು ಎಂದು ಆ ಚಳವಳಿಯ ಸಿಸ್ಟರುಗಳು ಮತ್ತು ಕೆಲಸಗಾರ ಹೆಂಗಸರು ವರ್ಷಗಟ್ಟಲೆ ಕೂಗಿದರು. 2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿ ದೇಶಕ್ಕೆ ದಾರಿ ತೋರಿಸಿತು. ಹಾಲಿನ ಪುಡಿಯ ಚೀಲದಿಂದ ಕನಿಷ್ಠ ವೇತನದ ಆದೇಶದವರೆಗೆ ಐವತ್ತು ವರ್ಷ ಹಿಡಿಯಿತು.

ಶಾಲೆಗಳ ಬಗ್ಗೆ ನನಗೆ ಬೇಸರವಿದೆ. ಬಡ ಮಕ್ಕಳಿಗೆಂದು ತೆರೆದ ಎಷ್ಟೋ ಕಾನ್ವೆಂಟುಗಳು ಇಂಗ್ಲಿಷ್ ಮಾಧ್ಯಮದ ಹೆಸರಿನಲ್ಲಿ ಪೇಟೆಯ ಅನುಕೂಲಸ್ಥರ ಶಾಲೆಗಳಾದವು. ಶುಲ್ಕದ ಹಣದಿಂದಲೇ ಬಡವರ ಹಾಸ್ಟೆಲ್ಲು, ಹೊಲಿಗೆ ತರಬೇತಿ ನಡೆಯುತ್ತದೆ ಎಂಬ ಉತ್ತರದಲ್ಲಿ ಸತ್ಯಾಂಶವಿದೆ. ಆದರೂ ಪೌರಕಾರ್ಮಿಕರ ಮಗಳು ಆ ಬೆಂಚಿನ ಮೇಲೆ ಕೂರದಿದ್ದರೆ ಆ ಉತ್ತರ ಸಾಲದು.

ಶ್ರೀಸಭೆಯ ಮನೆಯೊಳಗಿನ ಬಡವರ ಪ್ರಶ್ನೆಯೂ ಹಾಗೇ ಉಳಿದಿದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟು, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ಸರ್ಕಾರವನ್ನು ದೂರುವುದು ಸುಲಭ. ಶ್ರೀಸಭೆಯೊಳಗೇ ಅಸ್ಪೃಶ್ಯತೆಯಿದೆ ಎಂದು ಭಾರತದ ಬಿಷಪರು ಬರಹದಲ್ಲಿ ಒಪ್ಪಿಕೊಂಡದ್ದು 2016ರ ದಲಿತ ನೀತಿಯಲ್ಲಿ. ತಡವಾಗಿ ಬಂದರೂ ಅದು ದಿಟ್ಟ ಮಾತು.

ಕಳೆದ ಹತ್ತು ವರ್ಷಗಳು ಈ ಕೆಲಸದ ನೆಲವನ್ನೇ ಕದಲಿಸಿವೆ. 2015ರ ಬಾಲನ್ಯಾಯ ಕಾಯ್ದೆ ಬಂದ ಮೇಲೆ ಹಳೆಯ ಅನಾಥಾಲಯಗಳು ನೋಂದಣಿಯಾಗಬೇಕಾಯಿತು. ಮಗು ಆದಷ್ಟೂ ಮನೆಯಲ್ಲೇ ಬೆಳೆಯಬೇಕೆಂಬ ಆ ಕಾಯ್ದೆಯ ತತ್ವ ಸರಿಯಾದದ್ದು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಂದ ತಿದ್ದುಪಡಿಯ ಪೆಟ್ಟು ಆಳವಾದದ್ದು. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ, ಆಡಳಿತ ವೆಚ್ಚದ ಮಿತಿ ಶೇಕಡ 50ರಿಂದ 20ಕ್ಕೆ ಇಳಿಯಿತು. ದೆಹಲಿಯ ದೊಡ್ಡ ಸಂಸ್ಥೆಯಿಂದ ಧರ್ಮಕ್ಷೇತ್ರಕ್ಕೆ, ಅಲ್ಲಿಂದ ತಾಲ್ಲೂಕಿನ ಚಿಕ್ಕ ಸಂಸ್ಥೆಗೆ ಹರಿಯುತ್ತಿದ್ದ ಕಾಲುವೆ ಒಣಗಿತು. ಆಡಳಿತ ವೆಚ್ಚ ಎಂಬ ಹೆಸರಿನೊಳಗೆ ಹಳ್ಳಿ ಹಳ್ಳಿ ತಿರುಗುವ ಕಾರ್ಯಕರ್ತೆಯ ಸಂಬಳ, ಬಸ್ ಚಾರ್ಜೂ ಸೇರಿಕೊಂಡುಬಿಡುತ್ತದೆ. 2022ರ ಮತಾಂತರ ನಿಷೇಧ ಕಾಯ್ದೆಯನ್ನು ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಬಹಿರಂಗವಾಗಿ ವಿರೋಧಿಸಿದರು. ಬರದ ಕಾಲದ ಆ ಹಳೆಯ ಸಂಶಯ ಹೀಗೆ ಕಾನೂನಿನ ರೂಪದಲ್ಲಿ ಮರಳಿತು.

ಹಣ ಕಡಿಮೆಯಾದಾಗ ಉಳಿಯುವ ಕೆಲಸ ಯಾವುದು? ಸರ್ಕಾರ ಕೊಡಬೇಕಾದದ್ದನ್ನು ಕೊಡಿಸುವ ಕೆಲಸ. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಪಿಂಚಣಿ, ರೇಷನ್ ಕಾರ್ಡು, ಉದ್ಯೋಗ ಖಾತರಿಯ ಕೂಲಿ, ಅಂಗವಿಕಲರ ಗುರುತಿನ ಚೀಟಿ. ಬೆರಳ ಗುರುತು ಸವೆದುಹೋದ ಮುದುಕಿಯೊಬ್ಬಳನ್ನು ನಾಡಕಚೇರಿಗೆ ಮೂರು ಸಲ ಕರೆದುಕೊಂಡು ಹೋಗಲು ಬೇಕಾದದ್ದು ಪ್ರತಿ ಸಲ ಅರ್ಧ ದಿನ ಮತ್ತು ತಾಳ್ಮೆ. ನನ್ನ ಮಟ್ಟಿಗೆ ಆ ಬರದಿಂದ ಈಚಿನ ನೂರೈವತ್ತು ವರ್ಷದ ದಾರಿಯಲ್ಲಿ ಇದಕ್ಕಿಂತ ಎತ್ತರದ ಸೇವೆ ಇನ್ನೊಂದಿಲ್ಲ. ಅವಳು ಯಾರ ಮುಂದೆಯೂ ಕೈಕಟ್ಟಬೇಕಿಲ್ಲ, ತನ್ನದನ್ನು ತಾನು ತೆಗೆದುಕೊಳ್ಳುತ್ತಾಳೆ.

ಇತ್ತ ಸೀಮೆಯೇ ಬದಲಾಗುತ್ತಿದೆ. ತುಮಕೂರಿನ ಪಕ್ಕ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇಂಥ ಕಡೆ ಗೋಡೆ ಎಬ್ಬಿಸುವವರು, ಲೋಡು ಇಳಿಸುವವರು ಎಷ್ಟೋ ಸಲ ದೂರದ ರಾಜ್ಯಗಳಿಂದ ಬಂದವರು, ತಗಡಿನ ಶೆಡ್ಡುಗಳಲ್ಲಿ ಇರುವವರು. ವರ್ಗಾವಣೆ ಪತ್ರ ಇಲ್ಲವೆಂದು ಮಗುವನ್ನು ಶಾಲೆ ಹಿಂದಕ್ಕೆ ಕಳಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದು ಆ ಶೆಡ್ಡಿನ ತಾಯಿಗೆ ಗೊತ್ತಿಲ್ಲ, ಕೆಲವೊಮ್ಮೆ ಹೆಡ್‌ಮಾಸ್ಟರಿಗೂ ನೆನಪಿರುವುದಿಲ್ಲ. ಅಲ್ಲಿಗೆ ಹೋಗುವ ಸಿಸ್ಟರ್ ಈಗ ಒಡಿಯಾದಲ್ಲೋ ಹಿಂದಿಯಲ್ಲೋ ‘ಊಟ ಆಯಿತಾ’ ಎಂದು ಕೇಳಲು ಕಲಿಯಬೇಕು, ಮಗುವಿನ ಕೈ ಹಿಡಿದು ಶಾಲೆಯ ಗೇಟು ದಾಟಿಸಬೇಕು.