ಆರ್ಮೇನಿಯದ ಶರಕನ್ ಗೀತೆಗಳ ಉಗಮ ಮತ್ತು ಕರ್ತೃತ್ವ

ಆರ್ಮೇನಿಯ ದೇಶದ ಪ್ರಾಚೀನ ಕ್ರೈಸ್ತ ಸಂಪ್ರದಾಯದಲ್ಲಿ ಆರಾಧನೆಯ ಕಾಲಕ್ಕೆ ಹಾಡುವ ಗೀತೆಗಳಿಗೆ ‘ಶರಕನ್’ ಎಂದು ಹೆಸರು. ಆ ನಾಡು ನಾಲ್ಕನೆಯ ಶತಮಾನದ ಆದಿಭಾಗದಲ್ಲಿಯೇ ಕ್ರೈಸ್ತಮತವನ್ನು ರಾಜಧರ್ಮವಾಗಿ ಸ್ವೀಕರಿಸಿತು. ಆದರೆ ಸ್ವಂತ ಲಿಪಿಯಿಲ್ಲದ ಕಾರಣ ಸುಮಾರು ನೂರು ವರ್ಷಗಳ ಕಾಲ ಅಲ್ಲಿಯ ಪೂಜಾಪಾಠಗಳು ಗ್ರೀಕ್ ಮತ್ತು ಸಿರಿಯಾಕ್ ಭಾಷೆಗಳಲ್ಲಿ ನಡೆದವು. ಜನಸಾಮಾನ್ಯರಿಗೆ ಅವು ಕೇವಲ ನಾದವಾಗಿದ್ದವೇ ಹೊರತು ಅರ್ಥವಾಗಿರಲಿಲ್ಲ. ಸುಮಾರು ಕ್ರಿ. ಶ. 405ರಲ್ಲಿ ಮೆಸ್ರೋಪ್ ಮಾಷ್ತೋತ್ಸನು 36 ಅಕ್ಷರಗಳ ವರ್ಣಮಾಲೆಯನ್ನು ರೂಪಿಸಿದನು. ಮಹಾಧರ್ಮಗುರು ಸಾಹಕನು ಆತನಿಗೆ ಬೆಂಬಲವಾಗಿ ನಿಂತನು. ಧರ್ಮಗ್ರಂಥವು ಜನರ ನುಡಿಗೆ ಇಳಿಯಿತು. ಅದರೊಡನೆಯೇ ಆ ನುಡಿಯ ಭಕ್ತಿಗೀತೆಗೂ ದಾರಿ ತೆರೆಯಿತು.

ಮೊದಲು ಇವು ದಾವೀದನ ಕೀರ್ತನೆಗಳೊಡನೆ ಹೇಳುವ ಕಿರಿಯ ಪಲ್ಲವಿಗಳಾಗಿದ್ದು, ಕ್ರಮೇಣ ಸ್ವತಂತ್ರ ರಚನೆಗಳಾಗಿ ಬೆಳೆದವೆಂಬುದು ವಿದ್ವಾಂಸರ ಅಭಿಪ್ರಾಯ.

ಇವುಗಳ ಕರ್ತೃಗಳು ಯಾರು? ಪಶ್ಚಾತ್ತಾಪದ ಗೀತೆಗಳನ್ನು ಮೆಸ್ರೋಪನಿಗೂ, ಕ್ರಿಸ್ತನ ಯಾತನೆಯ ವಾರದ ಗೀತೆಗಳನ್ನು ಸಾಹಕನಿಗೂ, ಕ್ರಿಸ್ತಜನನದ ಗೀತೆಗಳನ್ನು ಚರಿತ್ರಕಾರ ಮೋವ್ಸೆಸ್ ಖೊರೆನಾತ್ಸಿಗೂ ಪರಂಪರೆಯು ಸಲ್ಲಿಸುತ್ತದೆ. ಆದರೆ ಈ ಮಾತಿಗೆ ಆಧಾರವಾದ ಕರ್ತೃಪಟ್ಟಿಗಳು ಹಲವು ಶತಮಾನಗಳ ಅನಂತರ ಸಿದ್ಧವಾದವು. ಪರಂಪರೆಯ ಗೌರವ ಬೇರೆ, ಪ್ರಮಾಣದ ಬಲ ಬೇರೆ.

ಏಳನೆಯ ಶತಮಾನಕ್ಕೆ ಬಂದಾಗ ನೆಲೆ ಗಟ್ಟಿಯಾಗುತ್ತದೆ. 618ರಲ್ಲಿ ವಾಘರ್ಷಪಾತ್ ನಗರದಲ್ಲಿ ಸಂತ ಹ್ರಿಪ್ಸಿಮೆಯ ದೇವಾಲಯವನ್ನು ಕಟ್ಟಿಸಿದ ಧರ್ಮಗುರು ಕೊಮಿತಾಸನು ಆಕೆಯನ್ನೂ ಆಕೆಯೊಡನೆ ಪ್ರಾಣತೆತ್ತ ಕನ್ಯೆಯರನ್ನೂ ಕುರಿತು ಗೀತೆಯೊಂದನ್ನು ರಚಿಸಿದನು. ಅದರ 36 ಪದ್ಯಗಳು ಕ್ರಮವಾಗಿ ವರ್ಣಮಾಲೆಯ ಒಂದೊಂದು ಅಕ್ಷರದಿಂದ ಆರಂಭವಾಗುತ್ತವೆ. ಇಂತಹ ಕಟ್ಟಿನಲ್ಲಿ ಒಂದು ಪದ್ಯ ಲುಪ್ತವಾದರೂ ಪ್ರಕ್ಷಿಪ್ತವಾದರೂ ಕೂಡಲೇ ತಿಳಿಯುತ್ತದೆ.

ಎಂಟನೆಯ ಶತಮಾನದ ಸಾಹಕದುಖ್ತಳ ವೃತ್ತಾಂತವು ಇನ್ನೂ ಮನನೀಯ. ಸ್ತೆಪಾನೋಸ್ ಸ್ಯೂನೆತ್ಸಿ ಎಂಬ ವಿದ್ವಾಂಸನ ಸೋದರಿಯಾದ ಈಕೆ ಗಾರ್ನಿ ಕಣಿವೆಯ ಗುಹೆಯಲ್ಲಿ ತಪೋನಿರತಳಾಗಿದ್ದು, ತೆರೆಯ ಮರೆಯಿಂದ ಸಂಗೀತವನ್ನು ಬೋಧಿಸುತ್ತಿದ್ದಳೆಂದು ಪ್ರತೀತಿ. ಆಕೆಯ ಹಲವು ರಚನೆಗಳಲ್ಲಿ ಇಂದು ಉಳಿದಿರುವುದು ಮರಿಯಳನ್ನು ಕುರಿತ ಒಂದೇ ಗೀತೆ. ಅದರ ಪದ್ಯಗಳ ಮೊದಲಕ್ಷರಗಳನ್ನು ಕೂಡಿಸಿದರೆ ಕವಯಿತ್ರಿಯ ಹೆಸರೇ ಮೂಡುತ್ತದೆ. ಅದೇ ಕಾಲದ ಖೊಸ್ರೊವಿದುಖ್ತಳಿಗೆ ಇಂತಹ ರಕ್ಷೆಯಿಲ್ಲ. 737ರಲ್ಲಿ ಧರ್ಮಕ್ಕಾಗಿ ಪ್ರಾಣತೆತ್ತ ಸೋದರ ವಾಹನನನ್ನು ನೆನೆದು ಆಕೆ ರಚಿಸಿದಳೆನ್ನುವ ಗೀತೆಯನ್ನು ಸಾಹಕದುಖ್ತಳದೆಂದು ಹೇಳುವ ವಿದ್ವಾಂಸರೂ ಉಂಟು.

ವಚನಗಳ ಕರ್ತೃನಿರ್ಣಯದಲ್ಲಿ ಅಂಕಿತದ ಮಹತ್ವವನ್ನು ಬಲ್ಲವರಿಗೆ ಈ ಅಕ್ಷರಬಂಧದ ಬೆಲೆ ಸುಲಭವಾಗಿ ತಿಳಿದೀತು. ಬಸವಣ್ಣನವರ ಶತಮಾನದವನೇ ಆದ ನೆರ್ಸೆಸ್ ಶ್ನೊರ್ಹಾಲಿಯೂ (1102–1173) ತನ್ನ ಗೀತೆಗಳಲ್ಲಿ ಹೀಗೆಯೇ ಹೆಸರನ್ನು ಹೆಣೆದನು. ಆದರೆ ಭೇದವೂ ಉಂಟು: ಶರಣರು ಬಹುಮಟ್ಟಿಗೆ ತಮ್ಮ ಹೆಸರನ್ನು ಮರೆಸಿ ಇಷ್ಟದೈವದ ಹೆಸರನ್ನಿಟ್ಟರು, ಅವರು ದೈವಸ್ತುತಿಯೊಳಗೆ ತಮ್ಮ ಹೆಸರನ್ನು ಅಡಗಿಸಿಟ್ಟರು. ಅದನ್ನು ಅಹಂಕಾರವೆನ್ನಲಾಗದು. ಆ ಅಕ್ಷರಗಳಿಲ್ಲದಿದ್ದರೆ ಗುಹೆಯೊಳಗಿನ ತಪಸ್ವಿನಿಯ ಕೊನೆಯ ಗೀತೆಯೂ ಬೇರೊಬ್ಬರ ಪಾಲಾಗುವ ಸಂಭವವಿತ್ತು.